ಧರ್ಮದ ದಟ್ಟಿಗೆ ಮೊಳ ಹಾಕುವುದು ತಪ್ಪಲ್ಲ

"ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದನಂತೆ" ಎಂಬ ಗಾದೆ ನಮ್ಮಲ್ಲಿದೆ. ಬಿಟ್ಟಿಯಾಗಿ ದೊರೆತ ವಸ್ತುವಿನ ಉದ್ದಗಲ ಎಣಿಸುವವನು ಕೃತಘ್ನ ಎಂಬುದು ಅದರ ತಾತ್ಪರ್ಯ. ಗಣಿತಕ್ಕಾಗಿ ಇರುವ ಮುಕ್ತ ತಂತ್ರಾಂಶಗಳ ಬಗ್ಗೆ ಯಾರಾದರೂ ಒಂದು ದೂರು ಹೇಳಿದರೆ ಸಾಕು, ಬಲ್ಲವರೆನಿಸಿಕೊಂಡವರು ಈ ಗಾದೆಯನ್ನು ಒಂದಲ್ಲ ಒಂದು ರೂಪದಲ್ಲಿ ಅವರ ಮುಖಕ್ಕೆ ಎಸೆಯುತ್ತಾರೆ. "ಕಾಸು ಕೊಟ್ಟಿದ್ದೀರಾ? ಇಲ್ಲವಲ್ಲ? ಹಾಗಾದರೆ ಸುಮ್ಮನಿರಿ." ಈ ಬರಹದಲ್ಲಿ ನಾನು ಹಿತ್ತಲಿಗೆ ಹೋಗುವವನಲ್ಲ, ಅಂಗಳದಲ್ಲಿಯೇ ನಿಂತು, ಎಲ್ಲರ ಎದುರಿನಲ್ಲಿ ಮೊಳ ಹಾಕುವವನಿದ್ದೇನೆ.

ವಿಷಯ ಇಷ್ಟು. ಆಕ್ಟೇವ್, ಸೇಜ್, ಸೈಲ್ಯಾಬ್, ಮ್ಯಾಕ್ಸಿಮಾ, ಆರ್ ಮೊದಲಾದ ಮುಕ್ತ ತಂತ್ರಾಂಶಗಳು ಗಣಿತ ಕಲಿಯುವವರಿಗೆ ದೊರೆತ ಬಹುದೊಡ್ಡ ಸಂಪತ್ತು. ಮುಖ್ಯ ತಂತ್ರಾಂಶವೇನೋ ಸಾಮಾನ್ಯವಾಗಿ ಸರಾಗವಾಗಿಯೇ ಕಂಪ್ಯೂಟರಿನಲ್ಲಿ ಕೂರುತ್ತದೆ. ಆದರೆ ಪಾಠಕ್ಕೋ ಪ್ರಯೋಗಕ್ಕೋ ಬೇಕಾದ ಹೆಚ್ಚುವರಿ ಪ್ಯಾಕೇಜನ್ನು ಅದಕ್ಕೆ ಜೋಡಿಸಹೊರಟಾಗ ತೊಡಕು ಆರಂಭವಾಗುತ್ತದೆ. ಈ ತೊಡಕಿಗೆ ಕಾರಣ ವಿದ್ಯಾರ್ಥಿಯ ದಡ್ಡತನವಲ್ಲ. ತಂತ್ರಾಂಶ ಬರೆದ ಸ್ವಯಂಸೇವಕರ ಉದಾಸೀನವೂ ಅಲ್ಲ. ಈ ತಂತ್ರಾಂಶಗಳ ಹೆಸರನ್ನು ಪಠ್ಯಕ್ರಮದಲ್ಲಿ ಬರೆದು, ಲೈಸೆನ್ಸಿನ ಹಣವನ್ನು ಉಳಿಸಿಕೊಂಡು, ಜೋಡಣೆಯ ಭಾರವನ್ನು ಮಾತ್ರ ಮಕ್ಕಳ ತಲೆಯ ಮೇಲೆ ಹೊರಿಸಿರುವ ವಿದ್ಯಾಸಂಸ್ಥೆಗಳ ಹೊಣೆಗೇಡಿತನವೇ ಕಾರಣ. ಇದು ನನ್ನ ವಾದ. ಇದನ್ನು ಒಪ್ಪದವರು ಕೊನೆಯವರೆಗೆ ಓದಿ ಆಮೇಲೆ ಜಗಳಕ್ಕೆ ಬನ್ನಿ.

ಕಂಪ್ಯೂಟರಿನ ಗೊಡವೆಗೆ ಹೋಗದ ಬಂಧುಗಳಿಗಾಗಿ ಒಂದು ಮಾತು. ನೀವು ಹೊಸ ಮಿಕ್ಸಿ ತಂದಿರಿ ಎನ್ನಿ. ಮೋಟಾರು ಚೆನ್ನಾಗಿ ತಿರುಗುತ್ತದೆ. ಚಟ್ನಿ ಅರೆಯಲು ಜಾರು ಇಡಹೋದರೆ, "ಜಾರು ಬೇರೆ ಕಡೆ ಇದೆ, ತಂದುಕೊಳ್ಳಿ" ಎನ್ನುತ್ತದೆ. ತಂದರೆ, "ಇದಕ್ಕೆ ಬ್ಲೇಡು ಇನ್ನೊಬ್ಬರು ಮಾಡುತ್ತಾರೆ, ಮೊದಲು ಅದು ಬೇಕು" ಎನ್ನುತ್ತದೆ. ಬ್ಲೇಡು ಕೇಳಿದರೆ ಉಕ್ಕಿನ ತಗಡನ್ನು ಕೈಗೆ ಕೊಟ್ಟು, "ನಿಮ್ಮ ಮನೆಯಲ್ಲಿಯೇ ಕಡೆದುಕೊಳ್ಳಿ, ಕಡೆಯುವ ಯಂತ್ರವನ್ನೂ ನೀವೇ ಹೊಂದಿಸಿಕೊಳ್ಳಿ" ಎನ್ನುತ್ತದೆ. ಎಲ್ಲವೂ ಬಿಟ್ಟಿ, ಎಲ್ಲವೂ ಉತ್ತಮ ಗುಣಮಟ್ಟದ್ದು. ಮಧ್ಯಾಹ್ನದ ಊಟಕ್ಕೆ ಚಟ್ನಿ ಮಾತ್ರ ಇಲ್ಲ.

ಉದಾಹರಣೆಗೆ ಆಕ್ಟೇವ್ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಅದರ ಹುಟ್ಟು ಒಬ್ಬ ಮೇಷ್ಟರಾದ ನನಗೆ ಬಹಳ ಪ್ರಿಯವಾದ ಸಂಗತಿ. ಅಮೆರಿಕದಲ್ಲಿ ಜೇಮ್ಸ್ ರಾಲಿಂಗ್ಸ್ ಮತ್ತು ಜಾನ್ ಎಕರ್ಟ್ ಎಂಬ ಇಬ್ಬರು ಪ್ರಾಧ್ಯಾಪಕರು ರಾಸಾಯನಿಕ ರಿಯಾಕ್ಟರುಗಳ ವಿನ್ಯಾಸದ ಬಗ್ಗೆ ಪಠ್ಯಪುಸ್ತಕ ಬರೆಯುತ್ತಿದ್ದರು. ವಿದ್ಯಾರ್ಥಿಗಳು ಫೋರ್ಟ್ರಾನ್ ಭಾಷೆಯ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಾಲ ಕಳೆದು, ಕಲಿಯಬೇಕಾದ ವಿಷಯಕ್ಕೆ ಸಮಯವಿಲ್ಲದಂತಾಗಬಾರದು ಎಂಬ ಕಾಳಜಿಯಿಂದ ಆ ಪುಸ್ತಕದ ಜೊತೆಗೊಂದು ತಂತ್ರಾಂಶದ ಯೋಚನೆ ಮೊಳೆಯಿತು. ಜಾನ್ ಈಟನ್ 1992ರಲ್ಲಿ ಅದನ್ನು ಬರೆಯಲು ತೊಡಗಿದರು; 1994ರಲ್ಲಿ ಮೊದಲ ಪೂರ್ಣ ಆವೃತ್ತಿ ಹೊರಬಂತು. ಹೆಸರಿಗೂ ಸಂಗೀತದ ಸಪ್ತಕಕ್ಕೂ ಸಂಬಂಧವಿಲ್ಲ. ಈಟನ್ ತಮಗೆ ಪಾಠ ಹೇಳಿದ ಆಕ್ಟೇವ್ ಲೆವೆನ್‌ಸ್ಪೀಲ್ ಎಂಬ ಗುರುವಿನ ಹೆಸರನ್ನು ಅದಕ್ಕಿಟ್ಟರು. ಶಿಷ್ಯನೊಬ್ಬ ಸಲ್ಲಿಸಬಹುದಾದ ಗುರುದಕ್ಷಿಣೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತಿಳಿಯದು.

ವಿದ್ಯಾರ್ಥಿಯ ಸಮಯ ಉಪಕರಣದ ರಿಪೇರಿಯಲ್ಲಿ ವ್ಯರ್ಥವಾಗಬಾರದು ಎಂಬುದೇ ಆ ತಂತ್ರಾಂಶದ ಹುಟ್ಟಿಗೆ ಕಾರಣ ಎಂಬುದನ್ನು ದಯವಿಟ್ಟು ನೆನಪಿಡಿ. ಈಗ ಮುಂದಿನ ಕಥೆ ಕೇಳಿ.

ನನ್ನ ತಂಗಿಯ ಮೊಮ್ಮಗಳೊಬ್ಬಳು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುತ್ತಾಳೆ. ಯಾರೆಂದು ಬಂಧುಗಳಿಗೆ ಗೊತ್ತು. ಹೆಸರು ಬರೆದರೆ ನನ್ನೊಡನೆ ಮಾತು ಬಿಡುತ್ತಾಳೆ. ಸಿದ್ದಾಪುರ ತಾಲ್ಲೂಕಿನ ಅವರ ಮನೆಯಲ್ಲಿ ಮೊಬೈಲ್ ಸಿಗ್ನಲ್ ದೊರೆಯುವುದು ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪಿನಲ್ಲಿ ಉಬುಂಟು ಹಾಕಿಕೊಂಡಿದ್ದಳು. ಆಕ್ಟೇವ್ ಬಳಸಿ ಬಟರ್‌ವರ್ತ್ ಫಿಲ್ಟರೊಂದನ್ನು ರಚಿಸಿ ಸೋಮವಾರ ಒಪ್ಪಿಸಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು. 1930ರಲ್ಲಿ ಸ್ಟೀಫನ್ ಬಟರ್‌ವರ್ತ್ ಪ್ರಕಟಿಸಿದ ಈ ಫಿಲ್ಟರಿನ ಗಣಿತ ಬಹಳ ಚೆಲುವಾದದ್ದು. ಅದರ ಧ್ರುವಬಿಂದುಗಳು ಒಂದು ವೃತ್ತದ ಮೇಲೆ ಸಮಾನ ಕೋನಗಳ ಅಂತರದಲ್ಲಿ ಕೂರುತ್ತವೆ. ಹುಡುಗಿ ನನ್ನೆದುರಿಗೇ ಕೈವಾರ ಹಿಡಿದು ಆ ಅರ್ಧವೃತ್ತವನ್ನೆಳೆದು, ಬಿಂದುಗಳನ್ನು ಗುರುತಿಸಿ, ಎಡಭಾಗದವನ್ನೇ ಏಕೆ ಆರಿಸಬೇಕೆಂಬುದನ್ನು ನನಗೆ ವಿವರಿಸಿದಳು. ಗಣಿತ ಅವಳಿಗೆ ಅರ್ಥವಾಗಿತ್ತು. ಇದಕ್ಕೆ ನಾನೇ ಸಾಕ್ಷಿ.

ಆಮೇಲೆ ಯಂತ್ರದ ಮುಂದೆ ಕುಳಿತಳು. ಫಿಲ್ಟರಿನ ಆದೇಶ ಕೊಟ್ಟರೆ, ಅದು ಸಿಗ್ನಲ್ ಎಂಬ ಪ್ಯಾಕೇಜಿಗೆ ಸೇರಿದ್ದು, ನಿಮ್ಮಲ್ಲಿ ಆ ಪ್ಯಾಕೇಜು ಇದ್ದಂತಿಲ್ಲ ಎಂಬ ಉತ್ತರ ಬಂತು. ಸಿಗ್ನಲ್ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಹೋದರೆ, ಅದಕ್ಕೆ ಕಂಟ್ರೋಲ್ ಎಂಬ ಇನ್ನೊಂದು ಪ್ಯಾಕೇಜು ಮೊದಲು ಬೇಕು ಎಂದು ನಿಂತಿತು. ಕಂಟ್ರೋಲ್ ತರಿಸಿದರೆ ಅದು ಸಿದ್ಧವಸ್ತುವಲ್ಲ, ಮೂಲಸಂಕೇತದ ರೂಪದಲ್ಲಿ ಬಂದದ್ದು; ಅವಳ ಕಂಪ್ಯೂಟರಿನಲ್ಲಿಯೇ ಅದನ್ನು ಕಂಪೈಲ್ ಮಾಡಬೇಕು. ಅದರೊಳಗೆ ಸ್ಲೈಕಾಟ್ ಎಂಬ ಫೋರ್ಟ್ರಾನ್ ಗ್ರಂಥಾಲಯವಿದೆ. ಆದ್ದರಿಂದ ಫೋರ್ಟ್ರಾನ್ ಕಂಪೈಲರು ಬೇಕು. ಆಕ್ಟೇವಿನ ಡೆವಲಪ್‌ಮೆಂಟ್ ಕಡತಗಳು ಬೇಕು. ಉಬುಂಟು ಅವನ್ನು ಬೇರೆಯೇ ಕಟ್ಟಾಗಿ ಇಟ್ಟಿದೆ. ಇದೆಲ್ಲವೂ ಮೊಬೈಲಿನ ಹಾಟ್‌ಸ್ಪಾಟ್ ಮೂಲಕ, ಅಂಗಳದ ಆ ಮೂಲೆಯಲ್ಲಿ, ಕರೆಂಟು ಹೋಗಿ ಬಂದು ಮಾಡುತ್ತಿದ್ದ ರಾತ್ರಿಯಲ್ಲಿ. ವಿದ್ಯಾರ್ಥಿಗಳ ಸಮಯ ಫೋರ್ಟ್ರಾನಿನಲ್ಲಿ ಹಾಳಾಗದಿರಲೆಂದು ಹುಟ್ಟಿದ ತಂತ್ರಾಂಶ, ಮೂವತ್ತು ವರ್ಷಗಳ ಮೇಲೆ, ಸಿದ್ದಾಪುರದ ಹುಡುಗಿಯನ್ನು ಫೋರ್ಟ್ರಾನ್ ಕಂಪೈಲರ್ ಹುಡುಕಲು ಕಳಿಸಿತು!

ಎರಡು ರಾತ್ರಿ ಕಳೆದ ಮೇಲೆ ಎಲ್ಲವೂ ಕೂತಿತು. ಫಿಲ್ಟರ್ ಕೆಲಸ ಮಾಡಿತು. ಮರುದಿನ ಕಂಪ್ಯೂಟರ್ ತೆರೆದರೆ ಮತ್ತೆ ಅದೇ ತಕರಾರು. ಆಕ್ಟೇವಿನಲ್ಲಿ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡುವುದು ಒಂದು ಕ್ರಿಯೆ, ಪ್ರತಿಸಲ ತೆರೆದಾಗ ಅದನ್ನು ಲೋಡ್ ಮಾಡುವುದು ಇನ್ನೊಂದು. ಇದು ತರ್ಕಬದ್ಧವಾದ ವ್ಯವಸ್ಥೆಯೇ. ಆದರೆ ಎರಡು ರಾತ್ರಿ ನಿದ್ದೆಗೆಟ್ಟವಳಿಗೆ ಆ ತರ್ಕ ಹೊಳೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಮಂಗಳವಾರ ಒಪ್ಪಿಸಿದಳು. ತಡವಾಯಿತೆಂದು ಅಂಕ ಕಳೆದರು. ಜೊತೆಗೆ, ಕಾಲೇಜಿನ ಹೆಸರು ಬೇಡ, ಪ್ರಯೋಗಾಲಯ ನೋಡಿಕೊಳ್ಳುವವರೊಬ್ಬರು, "ಬಿಟ್ಟಿ ಸಾಫ್ಟ್‌ವೇರ್ ಅಂದರೆ ಹೀಗೇ ಕಣಮ್ಮಾ, ಯಾರ ಹತ್ತಿರವಾದರೂ ಮ್ಯಾಟ್‌ಲ್ಯಾಬಿನ ಕ್ರ್ಯಾಕ್ ಕಾಪಿ ಹಾಕಿಸಿಕೊ" ಎಂದು ಉಪದೇಶವನ್ನೂ ಮಾಡಿದರು.

ಕಳೆದುಹೋದ ಅಂಕದ ಬಗ್ಗೆ ನನಗೆ ಚಿಂತೆಯಿಲ್ಲ. ಅವಳು ನನಗೆ ಫೋನು ಮಾಡಿ ಹೇಳಿದ ಮಾತು ಬೇರೆ: "ಅಜ್ಜ, ಇದೆಲ್ಲ ನನಗೆ ಬರುವಂಥದ್ದಲ್ಲ ಕಾಣುತ್ತದೆ. ಬೇರೆಯವರಿಗೆಲ್ಲ ಬಂದಿದೆ." ನನ್ನನ್ನು ಈ ಬರಹಕ್ಕೆ ಕೂರಿಸಿದ್ದು ಆ ಒಂದು ವಾಕ್ಯ.

ನಾನು ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿದವನು. ತಿರುಪು ಸಡಿಲವಾದ ಕೈವಾರದಲ್ಲಿ ವೃತ್ತ ಎಳೆದರೆ ಹೊರಟ ಬಿಂದುವಿಗೆ ಗೆರೆ ಬಂದು ಕೂಡುವುದಿಲ್ಲ ಎಂಬುದು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಗೊತ್ತು. ಹೊಸ ಕಂಪಾಸುಪೆಟ್ಟಿಗೆ ಕೊಳ್ಳಲಾಗದ ಮನೆಗಳ ಮಕ್ಕಳು ಅಣ್ಣಂದಿರ, ಅಕ್ಕಂದಿರ ಹಳೆಯ ಪೆಟ್ಟಿಗೆ ತರುತ್ತಿದ್ದರು. ಕೈವಾರ ಜಾರಿ ವೃತ್ತ ಕೆಟ್ಟಾಗ ಆ ಮಗು ಕೈವಾರವನ್ನು ದೂರುತ್ತಿರಲಿಲ್ಲ. "ನನಗೆ ರೇಖಾಗಣಿತ ಬರುವುದಿಲ್ಲ ಸರ್" ಎನ್ನುತ್ತಿತ್ತು. ಮಕ್ಕಳ ಸ್ವಭಾವವೇ ಹಾಗೆ. ಉಪಕರಣದ ದೋಷವನ್ನು ತಮ್ಮ ಬುದ್ಧಿಯ ದೋಷವೆಂದೇ ತಿಳಿಯುತ್ತಾರೆ. ಅದರಲ್ಲಿಯೂ ಮನೆಯಲ್ಲಿ ಮೊದಲ ಬಾರಿಗೆ ಓದಲು ಹೊರಟವರು, ಹಳ್ಳಿಯಿಂದ ಬಂದವರು, ಹೆಣ್ಣುಮಕ್ಕಳು ಬೇಗ ಹಾಗೆ ತಿಳಿಯುತ್ತಾರೆ. ಕೈವಾರದ ತಿರುಪನ್ನು ಬಿಗಿಮಾಡಿ ಕೊಡುವುದು ಮೇಷ್ಟರ ಕೆಲಸ. ನಾನು ಮೇಜಿನ ಖಾನೆಯಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದುದು ಅದಕ್ಕಾಗಿಯೇ. ತಿರುಪು ಬಿಗಿಮಾಡದೆ ಅಂಕ ಕಳೆಯುವವನಿಗೆ ಮೇಷ್ಟರೆಂಬ ಹೆಸರು ಸಲ್ಲದು.

ಇನ್ನು ಪ್ರತಿವಾದಿಗಳ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ವಾದ: ಇನ್‌ಸ್ಟಾಲ್ ಮಾಡುವ ಕಷ್ಟವೂ ಕಲಿಕೆಯ ಭಾಗ, ಅದರಿಂದ ವಿದ್ಯಾರ್ಥಿ ಗಟ್ಟಿಯಾಗುತ್ತಾನೆ. ಕೇಳಲು ಚೆನ್ನಾಗಿದೆ. ಹಾಗಾದರೆ ಅದನ್ನು ಪಾಠವಾಗಿ ಹೇಳಿಕೊಡಿ, ಅದಕ್ಕೆ ಗಂಟೆ ಮೀಸಲಿಡಿ, ಪರೀಕ್ಷೆಯಲ್ಲಿ ಅಂಕ ಕೊಡಿ. ಕಲಿಸದೆ, ಸಮಯ ಕೊಡದೆ, ಫಿಲ್ಟರಿನ ಪ್ರಶ್ನೆಯ ಬೆನ್ನಿಗೆ ಕಂಪೈಲರಿನ ಪ್ರಶ್ನೆಯನ್ನು ಗುಟ್ಟಾಗಿ ಕಟ್ಟುವುದು ಕಲಿಕೆಯಲ್ಲ. ಈಜು ಕಲಿಸುತ್ತೇವೆಂದು ಕರೆದು ಬಾವಿ ತೋಡಲು ಹಚ್ಚಿದಂತೆ ಅದು. ಅಲ್ಲದೆ ಆ ಎರಡು ರಾತ್ರಿಗಳಲ್ಲಿ ಹುಡುಗಿ ಕಲಿತದ್ದಾದರೂ ಏನು? ಎಲ್ಲೆಲ್ಲಿಂದಲೋ ಹೆಕ್ಕಿದ ಆದೇಶಗಳನ್ನು ಅರ್ಥ ತಿಳಿಯದೆ ಒಂದರ ಮೇಲೊಂದು ಅಂಟಿಸುವುದನ್ನು. ಅರ್ಥ ತಿಳಿಯದೆ ಸೂತ್ರ ಹಚ್ಚಬೇಡಿ ಎಂದು ನಾವು ಮೇಷ್ಟರುಗಳು ಆಯುಷ್ಯವಿಡೀ ಅರಚಿದ್ದು ಇದಕ್ಕೇ ಏನು?

ಎರಡನೆಯದು ಗಂಭೀರವಾದ ವಾದ. ಅದನ್ನು ಗೌರವದಿಂದ ಎದುರಿಸಬೇಕು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದ ಮೇಲೆ ರೂಪುಗೊಂಡ ಮುಕ್ತ ತಂತ್ರಾಂಶದ ವ್ಯಾಖ್ಯೆಯಲ್ಲಿ ನಾಲ್ಕು ಸ್ವಾತಂತ್ರ್ಯಗಳಿವೆ. ಅವನ್ನು 0ಯಿಂದ 3ರವರೆಗೆ ಎಣಿಸುತ್ತಾರೆ. ಗಣಿತದವನಾದ ನನಗೆ ಇದೂ ಇಷ್ಟವೇ. ಸೊನ್ನೆಯನೆಯ ಸ್ವಾತಂತ್ರ್ಯವೆಂದರೆ ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ನಡೆಸುವ ಸ್ವಾತಂತ್ರ್ಯ. ಅದನ್ನು ನಡೆಸದಂತೆ ನಿಮ್ಮನ್ನು ಯಾರೂ ತಡೆಯುವುದಿಲ್ಲ ಎಂದಷ್ಟೇ ಅದರ ಅರ್ಥ. ನಿಮ್ಮ ಯಂತ್ರದಲ್ಲಿ ಅದು ನಡೆದೇ ತೀರುತ್ತದೆ ಎಂಬ ಭರವಸೆ ಅದರಲ್ಲಿಲ್ಲ ಎಂದು ಆ ಪಂಥದವರು ಸ್ಪಷ್ಟವಾಗಿಯೇ ಹೇಳುತ್ತಾರೆ. ಕಾನೂನಿನ ದೃಷ್ಟಿಯಿಂದ ಇದು ಸರಿ. ಬರೆದುಕೊಟ್ಟವನ ಮೇಲೆ ಇದಕ್ಕಿಂತ ಹೆಚ್ಚಿನ ಋಣ ಹೊರಿಸಲಾಗದು, ಒಪ್ಪಿದೆ. ಆದರೆ ಪಠ್ಯಕ್ರಮ ಮಾಡುವ ವಿಶ್ವವಿದ್ಯಾಲಯವು ಇದೇ ಮಾತಿನ ಮರೆಯಲ್ಲಿ ಅಡಗಿಕೊಳ್ಳಲಾಗದು. ವಿದ್ಯಾರ್ಥಿ ಈ ತಂತ್ರಾಂಶವನ್ನು ತಾನಾಗಿ ಆರಿಸಿಕೊಂಡದ್ದಲ್ಲ. ನೀವು ವಿಧಿಸಿದಿರಿ, ಅಂಕವನ್ನು ಅದಕ್ಕೆ ಕಟ್ಟಿದಿರಿ. ವಿಧಿಸಿದವನಿಗೆ ಒದಗಿಸುವ ಹೊಣೆಯೂ ಇದೆ. ಬಾಗಿಲಿಗೆ ಬೀಗ ಹಾಕಿಲ್ಲ ಎಂದರೆ ಸಾಲದು. ಹೊಸಿಲು ಆಳೆತ್ತರದಲ್ಲಿದ್ದು ಮೆಟ್ಟಿಲೇ ಇಲ್ಲದಿದ್ದರೆ, ಏಣಿಯಿದ್ದವರ ಮನೆಯ ಮಕ್ಕಳಷ್ಟೇ ಒಳಗೆ ಹೋಗುತ್ತಾರೆ.

ಮೂರನೆಯ ವಾದ ಆ ಪ್ರಯೋಗಾಲಯದವರದ್ದು: ಕದ್ದ ಪ್ರತಿ ಹಾಕಿಸಿಕೊ. ಇದನ್ನು ವಾದವೆಂದು ಕರೆಯಲೂ ಮನಸ್ಸು ಬಾರದು. ಮ್ಯಾಟ್‌ಲ್ಯಾಬಿನಲ್ಲಿಯೂ ಸಿಗ್ನಲ್ ಮತ್ತು ಕಂಟ್ರೋಲ್ ವಿಷಯಗಳಿಗೆ ಬೇರೆ ಬೇರೆ ಟೂಲ್‌ಬಾಕ್ಸುಗಳಿವೆ. ಅವಕ್ಕೆ ಬೇರೆ ಬೇರೆ ಬೆಲೆಯೂ ಇದೆ. ಅಲ್ಲಿ ಹಣದ ಗೋಡೆ, ಇಲ್ಲಿ ಶ್ರಮದ ಗೋಡೆ. ಗೋಡೆ ಹತ್ತಲಾಗದಿದ್ದರೆ ಕನ್ನ ಕೊರೆ ಎಂದು ವಿದ್ಯಾರ್ಥಿಗೆ ಹೇಳಿಕೊಡುವ ಗುರು ಆಮೇಲೆ ಅದೇ ವಿದ್ಯಾರ್ಥಿ ಪರೀಕ್ಷೆಯಲ್ಲಿ ನಕಲು ಮಾಡಿದಾಗ ಯಾವ ಬಾಯಿಂದ ಬೈಯುತ್ತಾನೆ?

ನಾಲ್ಕನೆಯವರು ಹೇಳುತ್ತಾರೆ: ಈಗ ಏನನ್ನೂ ಇನ್‌ಸ್ಟಾಲ್ ಮಾಡುವ ಅಗತ್ಯವೇ ಇಲ್ಲ, ಬ್ರೌಸರಿನಲ್ಲಿಯೇ ಆಕ್ಟೇವ್, ಸೇಜ್ ಎಲ್ಲವೂ ನಡೆಯುತ್ತವೆ. ಬೆಂಗಳೂರಿನಲ್ಲಿ ನಡೆಯುತ್ತವೆ ಸ್ವಾಮಿ. ಅಂಗಳದ ಮೂಲೆಯಲ್ಲಿ ಸಿಗ್ನಲ್ ಹಿಡಿಯುವವರಿಗೆ ಅದು ಮಳೆಗಾಲದಲ್ಲಿ ಅಂಗಳದಲ್ಲಿ ಬಟ್ಟೆ ಒಣಹಾಕಿದ ಹಾಗೆ. ಅದಲ್ಲದೆ, ಪರರ ಯಂತ್ರದಲ್ಲಿ, ಪರರು ಕೊಟ್ಟಷ್ಟು ಹೊತ್ತು ನಡೆಸುವುದೇ ಪರಿಹಾರವಾದರೆ, ನಮ್ಮ ಯಂತ್ರದಲ್ಲಿ ನಾವೇ ನಡೆಸುವ ಸ್ವಾತಂತ್ರ್ಯದ ಮಾತನ್ನು ಇಷ್ಟು ವರ್ಷ ಆಡಿದ್ದೇಕೆ?

ಇದು ಬಗೆಹರಿಯದ ಸಮಸ್ಯೆಯೇ ಎಂದು ಕೇಳಿದರೆ, ಅಲ್ಲ. ಇದೇ ಆಕ್ಟೇವನ್ನು ವಿಂಡೋಸಿಗಾಗಿ ಇಳಿಸಿಕೊಂಡರೆ ಸಿಗ್ನಲ್, ಕಂಟ್ರೋಲ್ ಮುಂತಾದ ಹಲವಾರು ಪ್ಯಾಕೇಜುಗಳು ಸಿದ್ಧರೂಪದಲ್ಲಿ ಅದರ ಜೊತೆಗೇ ಬರುತ್ತವೆ. ಲೋಡ್ ಮಾಡಿದರೆ ಸಾಕು. ಉಬುಂಟುವಿನಲ್ಲಿಯೂ ವ್ಯವಸ್ಥೆಯ ತನ್ನದೇ ಪ್ಯಾಕೇಜು ಮಳಿಗೆಯಿಂದ 'ಆಕ್ಟೇವ್-ಸಿಗ್ನಲ್' ಎಂದು ಕೇಳಿದ್ದರೆ ಕಂಟ್ರೋಲನ್ನೂ ಜೊತೆಗೂಡಿಸಿಕೊಂಡು ಸಿದ್ಧವಸ್ತುವೇ ಬರುತ್ತಿತ್ತು. ಅಂದರೆ ಮನೆಗೆ ಎರಡು ಬಾಗಿಲು. ಆಕ್ಟೇವಿನ ಒಳಗಿನದು ಒಂದು, ಉಬುಂಟುವಿನದು ಇನ್ನೊಂದು. ಆಕ್ಟೇವಿನ ಬಾಗಿಲಿನಿಂದ ಬಂದದ್ದು ಉಬುಂಟುವಿಗೆ ಗೊತ್ತಾಗುವುದಿಲ್ಲ. ಹುಡುಗಿಗೆ ಸಿಕ್ಕಿದ ಸಲಹೆಗಳೆಲ್ಲ ಕಷ್ಟದ ಬಾಗಿಲನ್ನೇ ತೋರಿಸಿದ್ದವು. ಸುಲಭದ ಬಾಗಿಲು ಇದೆಯೆಂದು ಕಾಲೇಜು ಅರ್ಧ ಹಾಳೆಯಲ್ಲಿ ಬರೆದು ಕೊಟ್ಟಿದ್ದರೆ ಎರಡು ರಾತ್ರಿ ಉಳಿಯುತ್ತಿತ್ತು. ಅರ್ಧ ಹಾಳೆ! ಅದಕ್ಕೂ ಗತಿಯಿಲ್ಲವೇ?

ಪೈಥಾನಿನ ಸೈಪೈ ಗ್ರಂಥಾಲಯದ ಇತಿಹಾಸವೂ ಇದನ್ನೇ ಹೇಳುತ್ತದೆ. ವಿಂಡೋಸ್ ಬಳಸುವವರಿಗೆ ಅದನ್ನು ಪಿಪ್ ಮೂಲಕ ಹಾಕಿಕೊಳ್ಳುವುದು ವರ್ಷಗಳ ಕಾಲ ದುಃಸ್ವಪ್ನವಾಗಿತ್ತು. ಅಲ್ಲಿಯೂ ಫೋರ್ಟ್ರಾನಿನದೇ ತಂಟೆ. 2017ರಲ್ಲಿ 1.0 ಆವೃತ್ತಿಯೊಂದಿಗೆ ವಿಂಡೋಸಿಗೂ ಸಿದ್ಧಪ್ರತಿ ಬಂತು. ಒಂದೇ ಸಾಲಿನ ಆದೇಶಕ್ಕೆ ಕೆಲಸ ಮುಗಿಯತೊಡಗಿತು. ಯಾರೋ ಕೆಲವರು ಕುಳಿತು ಆ ಕಷ್ಟವನ್ನು ಒಮ್ಮೆ ಅನುಭವಿಸಿದ್ದರಿಂದ ಲಕ್ಷಾಂತರ ಜನರಿಗೆ ಅದು ತಪ್ಪಿತು. ಆದರೆ ಈ ಗೆಲುವೂ ಶಾಶ್ವತವಲ್ಲ. 2023ರ ಡೆಬಿಯನ್ 12ರಲ್ಲಿ ಪಿಪ್ ಬಳಸಿ ನೇರವಾಗಿ ಪ್ಯಾಕೇಜು ಹಾಕಹೋದರೆ, ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ ಎಂಬ ತಕರಾರು ಬರತೊಡಗಿತು. ಎರಡು ಬಾಗಿಲಿನಿಂದ ಬಂದ ವಸ್ತುಗಳು ಡಿಕ್ಕಿ ಹೊಡೆಯಬಾರದು ಎಂಬ ಸದುದ್ದೇಶದ ನಿಯಮ ಅದು. ಪ್ರತ್ಯೇಕ ವರ್ಚುವಲ್ ಪರಿಸರ ಮಾಡಿಕೊಳ್ಳುವುದು ಅದಕ್ಕೆ ಸರಿಯಾದ ದಾರಿ. ದಾಟಿಹೋಗುವ ಅಡ್ಡದಾರಿಯ ಹೆಸರು 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್', ಅಂದರೆ ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ! ಸಿಂಪೈ ಹಾಕಿಕೊಂಡು ಒಂದು ಸಮಾಕಲನ ಮಾಡೋಣವೆಂದು ಹೊರಟ ಹದಿನೆಂಟರ ಹುಡುಗ ಈ ಹೆಸರು ನೋಡಿ ಬೆದರಿದರೆ ಅವನನ್ನು ಹೇಡಿ ಎನ್ನುವಿರಾ?

ಹಾಗಿದ್ದರೆ ಜೋಡಣೆಯ ಕೆಲಸ ಎಲ್ಲ ಕಡೆ ಏಕೆ ಆಗುವುದಿಲ್ಲ? ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಕೀರ್ತಿಯನ್ನೂ ಕೊಡುವುದಿಲ್ಲ. ಸೇಜ್ ತಂತ್ರಾಂಶವನ್ನು 2005ರಲ್ಲಿ ಆರಂಭಿಸಿದವರು ವಿಲಿಯಂ ಸ್ಟೈನ್ ಎಂಬ ಸಂಖ್ಯಾಶಾಸ್ತ್ರದ ಗಣಿತಜ್ಞರು. ಸಂಖ್ಯಾಶಾಸ್ತ್ರವೆಂದರೆ ಅಂಕಿ-ಅಂಶಗಳ ಶಾಸ್ತ್ರವಲ್ಲ, ಸಂಖ್ಯೆಗಳ ಗುಣಗಳನ್ನು ಅರಸುವ ಶುದ್ಧ ಗಣಿತ. ಹತ್ತಾರು ಮುಕ್ತ ತಂತ್ರಾಂಶಗಳನ್ನು ಒಂದೇ ಸೂರಿನಡಿ ತರುವುದು ಅವರ ಸಾಹಸ. ಮುಂದೆ ಅವರು ಪ್ರಾಧ್ಯಾಪಕ ಹುದ್ದೆಯನ್ನೇ ಬಿಟ್ಟು ಕಂಪನಿ ನಡೆಸಲು ಹೊರಟರು. ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಕ್ಕಿರುವ ಬೆಲೆ ತಂತ್ರಾಂಶಕ್ಕಿಲ್ಲ ಎಂಬುದು ಎಲ್ಲರೂ ಬಲ್ಲದ್ದೇ. 2015ರಿಂದ 2019ರವರೆಗೆ ಯುರೋಪಿಯನ್ ಒಕ್ಕೂಟವು ಓಪನ್‌ಡ್ರೀಮ್‌ಕಿಟ್ ಎಂಬ ಯೋಜನೆಗೆ ಹಣ ಕೊಟ್ಟಿತು. ಆ ಕಾಲದಲ್ಲಿ, ಆ ಯೋಜನೆಯ ಬಲದಿಂದಲೇ, ಸೇಜಿಗೆ ವಿಂಡೋಸಿನಲ್ಲಿ ಸಾಮಾನ್ಯರೂ ಬಳಸಬಲ್ಲ ಇನ್‌ಸ್ಟಾಲರ್ ಬಂತು. ಯೋಜನೆ ಮುಗಿಯಿತು, 2021ರ 9.3ನೆಯ ಆವೃತ್ತಿಯ ಅನಂತರ ಆ ಇನ್‌ಸ್ಟಾಲರ್ ನಿಂತುಹೋಯಿತು. ಹಣ ಮತ್ತು ಒಬ್ಬ ಮನುಷ್ಯನ ಸಮಯ ದೊರೆತಾಗ ಮೆಟ್ಟಿಲು ಕಟ್ಟಲ್ಪಡುತ್ತದೆ, ನಿಂತಾಗ ಕುಸಿಯುತ್ತದೆ. ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೇ? ಆದುದರಿಂದಲೇ ನಾನು ಸ್ವಯಂಸೇವಕರನ್ನು ದೂರುವುದಿಲ್ಲ. ತಮ್ಮ ಸಂಜೆಗಳನ್ನು ಕೊಟ್ಟು ದಟ್ಟಿ ನೇಯ್ದವರು ಅವರು. ದಟ್ಟಿ ಕಿರಿದಾಯಿತೆಂದು ಗೊತ್ತಿದ್ದೂ, ಅದನ್ನೇ ಸಮವಸ್ತ್ರವೆಂದು ಮಕ್ಕಳಿಗೆ ವಿಧಿಸಿ, ಒಂದು ಗೇಣು ಬಟ್ಟೆಯನ್ನೂ ಸೇರಿಸದವರ ಮೇಲೆ ನನ್ನ ಸಿಟ್ಟು.

ನಮ್ಮ ರಾಜ್ಯದ ಮಾತಿಗೆ ಬರೋಣ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಗಣಿತಕ್ಕೆ ಪ್ರಯೋಗಾಲಯ ಸೇರಿತು. ಸೂಚಿತ ತಂತ್ರಾಂಶಗಳ ಪಟ್ಟಿಯಲ್ಲಿ ಮ್ಯಾಥಮ್ಯಾಟಿಕಾ, ಮ್ಯಾಟ್‌ಲ್ಯಾಬ್‌ಗಳ ಜೊತೆಗೆ ಪೈಥಾನ್, ಸೈಲ್ಯಾಬ್‌ಗಳೂ ಇದ್ದವು. ಬಿ.ಎಸ್ಸಿ. ಗಣಿತದ ಪ್ರಾಯೋಗಿಕ ತರಗತಿಗಳಿಗೂ ಮುಕ್ತ ತಂತ್ರಾಂಶಗಳು ಬಂದಿವೆ. ನನಗೆ ಇದು ಸಂತೋಷದ ಸಂಗತಿ. ಆದರೆ ಹೆಸರು ಬರೆಯುವುದು ಅರ್ಧ ಕೆಲಸ ಮಾತ್ರ. ನಾವು ಪಿ.ಯು.ಸಿ. ಓದುವಾಗ ಕ್ಲಾರ್ಕ್ಸ್ ಟೇಬಲ್ ಎಂಬ ಪುಸ್ತಕವಿತ್ತು. ಲಾಗರಿದಮ್ಮು, ಸೈನು, ಕೊಸೈನು, ವರ್ಗಮೂಲ ಎಲ್ಲವೂ ಒಂದೇ ರಟ್ಟಿನೊಳಗೆ ಇರುತ್ತಿದ್ದವು. ಸೈನಿನ ಕೋಷ್ಟಕ ಬೇಕಾದರೆ ಅಚ್ಚುಮೊಳೆ ತಂದು ನೀನೇ ಅಚ್ಚು ಹಾಕಿಕೋ ಎಂದು ಅದು ಯಾರಿಗೂ ಹೇಳಲಿಲ್ಲ.

ಒಳ್ಳೆಯ ಮಾದರಿಯೂ ನಮ್ಮ ದೇಶದಲ್ಲಿಯೇ ಇದೆ. ಕೇಂದ್ರ ಸರ್ಕಾರದ ನೆರವಿನಿಂದ ಮುಂಬಯಿಯ ಐ.ಐ.ಟಿ.ಯವರು ನಡೆಸುವ ಫಾಸೀ ಯೋಜನೆ ಸೈಲ್ಯಾಬ್ ಮೊದಲಾದ ಮುಕ್ತ ತಂತ್ರಾಂಶಗಳನ್ನು ಕಾಲೇಜುಗಳಿಗೆ ಮುಟ್ಟಿಸಿದೆ. ಅಲ್ಲಿಯದೇ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಕಿರು ಪಾಠಗಳು ಕನ್ನಡದಲ್ಲಿಯೂ ಇವೆ. ಅಂತರ್ಜಾಲವಿಲ್ಲದೆಯೂ ನೋಡಿ ಕಲಿಯಬಹುದಾದಂತೆ ಅವನ್ನು ರೂಪಿಸಿದ್ದಾರೆ. ಗಣಿತದ ಅಚ್ಚುಗಾರಿಕೆಗೆ ಬಳಸುವ ಟೆಕ್ ಲೋಕದಲ್ಲಿ 'ಟೆಕ್ ಲೈವ್' ಎಂಬ ಸಂಗ್ರಹ ಪ್ರತಿವರ್ಷ ಹೊರಬರುತ್ತದೆ. ಸಾವಿರಾರು ಪ್ಯಾಕೇಜುಗಳು ಒಂದೇ ಡಿ.ವಿ.ಡಿ. ಪ್ರತಿಬಿಂಬದಲ್ಲಿ ಅಡಕವಾಗಿರುತ್ತವೆ, ಒಮ್ಮೆ ಇಳಿಸಿಕೊಂಡರೆ ಊರಿಗೆಲ್ಲ ಹಂಚಬಹುದು. ದಾರಿ ಇಲ್ಲವೆಂದಲ್ಲ, ನಡೆಯುವ ಮನಸ್ಸಿಲ್ಲ.

ಆದುದರಿಂದ ನಾನು ಕೇಳುವುದು ಇಷ್ಟೇ. ಒಂದು, ಯಾವ ವಿಶ್ವವಿದ್ಯಾಲಯ ಮುಕ್ತ ತಂತ್ರಾಂಶವನ್ನು ಪಠ್ಯದಲ್ಲಿ ಸೇರಿಸುತ್ತದೆಯೋ ಅದು ಆ ವರ್ಷಕ್ಕೆ ಒಂದು ಆವೃತ್ತಿಯನ್ನು ನಿಗದಿಮಾಡಿ, ಪಾಠಕ್ಕೆ ಬೇಕಾದ ಎಲ್ಲ ಪ್ಯಾಕೇಜುಗಳೊಂದಿಗೆ ಪರೀಕ್ಷಿಸಿದ ಒಂದು ಸಿದ್ಧಗಂಟನ್ನು ಪೆನ್‌ಡ್ರೈವಿನಲ್ಲಿ ಪ್ರತಿ ಕಾಲೇಜಿಗೂ ಕಳಿಸಲಿ. ಎರಡು, ಮೊದಲ ವಾರದ ಪ್ರಯೋಗಾಲಯದ ಗಂಟೆಗಳು ಜೋಡಣೆಗೇ ಮೀಸಲಾಗಲಿ. ಎಲ್ಲರ ಯಂತ್ರವೂ ನಡೆಯುವವರೆಗೆ ಯಾರ ಅಂಕವನ್ನೂ ಕಳೆಯಬಾರದು. ಮೂರು, ಲೈಸೆನ್ಸಿಗೆ ಕೊಡದೆ ಉಳಿದ ಹಣದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಈ ತಂತ್ರಾಂಶಗಳ ನಿರ್ವಹಣೆಗೆ ಕಾಣಿಕೆಯಾಗಿ ಕೊಡಲಿ, ಇಲ್ಲವೇ ಅದೇ ಕೆಲಸಕ್ಕೆ ಒಬ್ಬ ನೌಕರನನ್ನು ನೇಮಿಸಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ವಿದ್ಯೆಯ ವಿಷಯದಲ್ಲಿ ನಿಜವಾಗಬಾರದು.

ಕೊನೆಯ ಮಾತು, ಈ ಪುಟವನ್ನು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಅಮೆರಿಕದಲ್ಲಿ ಕುಳಿತು ಓದುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಎಷ್ಟೋ ಮಂದಿ ಸಾಫ್ಟ್‌ವೇರಿನಲ್ಲಿಯೇ ಅನ್ನ ಕಾಣುತ್ತಿದ್ದೀರಿ. ಸಿದ್ದಾಪುರದ ಹುಡುಗಿಗೆ ಎರಡು ರಾತ್ರಿ ಹಿಡಿದ ಕೆಲಸ ನಿಮಗೆ ಹತ್ತು ನಿಮಿಷದ್ದು. ಒಬ್ಬೊಬ್ಬರು ಒಂದೊಂದು ಪ್ಯಾಕೇಜನ್ನು ಆರಿಸಿಕೊಳ್ಳಿ. ಅದನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ, ನಿಧಾನದ ನೆಟ್ಟಿನಲ್ಲಿ ಹಾಕಿ ನೋಡಿ. ಎಲ್ಲೆಲ್ಲಿ ನಿಲ್ಲುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಒಂದು ಪುಟದ ಕನ್ನಡದಲ್ಲಿ ಬರೆದು ನೀವು ಓದಿದ ಶಾಲೆ-ಕಾಲೇಜುಗಳಿಗೆ ಕಳಿಸಿ. ತಂತ್ರಾಂಶ ಬರೆದವರಿಗೆ ದೋಷವನ್ನು ವಿನಯದಿಂದ ತಿಳಿಸಿ. ತಿದ್ದಲು ಬಲ್ಲಿರಾದರೆ ತಿದ್ದಿಯೇ ಕಳಿಸಿ. ಹೊಸಬರು ನಿಮ್ಮ ಬಳಿ ಪ್ರಶ್ನೆ ತಂದಾಗ, ಅದು ಎಷ್ಟೇ ಸಣ್ಣದಿರಲಿ, "ಕೈಪಿಡಿ ಓದು" ಎಂದು ಗದರಿಸಬೇಡಿ. ಏಳನೆಯ ಮಗ್ಗಿಯನ್ನು ನಿಮಗೆ ಎಷ್ಟು ಸಲ ಹೇಳಿಕೊಡಬೇಕಾಯಿತೆಂದು ನನಗೆ ಇನ್ನೂ ನೆನಪಿದೆ, ಹೆಸರು ಹೇಳಲೇ?

ಮೊಳ ಹಾಕಿದ್ದಾಯಿತು. ದಟ್ಟಿ ಒಳ್ಳೆಯ ನೂಲಿನದು, ನೇಯ್ಗೆಯೂ ಗಟ್ಟಿ. ಎರಡು ಗೇಣು ಕಡಿಮೆ ಬಿದ್ದಿದೆ. ಆ ಎರಡು ಗೇಣನ್ನು ನೇಯಬೇಕಾದವರು ಯಾರೆಂದು ಹೇಳಿದ್ದೇನೆ. ಒಪ್ಪದವರು ಈಗ ಜಗಳಕ್ಕೆ ಬರಬಹುದು, ಚಹಾ ಸಿದ್ಧವಿರುತ್ತದೆ.

— ನಿಮ್ಮ ಗಣಿತದ ಮೇಷ್ಟರು